ಸಂತೆಯ ಲೆಕ್ಕದಲ್ಲಿ ಚಿಂತೆ

ಬಳ್ಳಾರಿ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕ್ಲಿನಿಕ್ಕಿನಲ್ಲಿ ನಾನು ಆಪ್ತಸಮಾಲೋಚಕಿ. ವಯಸ್ಸಾದ ಕೂಲಿಕಾರರು ಇಲ್ಲಿಗೆ ‘ಚಿಂತೆ ಹೆಚ್ಚಾಗಿದೆ’ ಎಂದು ಹೇಳಿಕೊಂಡು ಬರುವುದು ಅಪರೂಪ. ‘ಎದಿ ಢವಢವ ಅಂತೈತಿ, ರಾತ್ರಿ ನಿದ್ದಿ ಹತ್ತಂಗಿಲ್ಲ’ ಎಂದು ಸಾಮಾನ್ಯ ವೈದ್ಯರ ಬಳಿ ಹೋಗಿ, ಇಸಿಜಿ, ಥೈರಾಯ್ಡ್, ರಕ್ತಪರೀಕ್ಷೆಗಳಲ್ಲಿ ಕಾರಣ ಸಿಗದಿದ್ದಾಗ ನಮ್ಮ ಕೋಣೆಗೆ ಬರುತ್ತಾರೆ. ಈ ಪರೀಕ್ಷೆಗಳನ್ನೂ, ಈಗಾಗಲೇ ತೆಗೆದುಕೊಳ್ಳುತ್ತಿರುವ ಔಷಧಿಗಳ ವಿಚಾರಣೆಯನ್ನೂ ಬಿಡುವಂತಿಲ್ಲ; ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್ ಕೂಡ ಎದೆಬಡಿತವನ್ನು ಹೆಚ್ಚಿಸಬಲ್ಲದು.

ಆತಂಕವನ್ನು ಅಳೆಯಲು ನಾವು ಬಳಸುವ ಜಿಎಡಿ-7 ಪ್ರಶ್ನಾವಳಿಯು ಕಳೆದ ಎರಡು ವಾರಗಳಲ್ಲಿ ಎಷ್ಟು ದಿನ ಹೀಗಾಯಿತು ಎಂದು ಕೇಳುತ್ತದೆ. ಕ್ಯಾಲೆಂಡರ್ ನೋಡದವರಿಗೆ ಆ ಪ್ರಶ್ನೆ ನಿಲುಕುವುದಿಲ್ಲ. ‘ಎರಡು ಸಂತೆ ಕಳೆದವಲ್ಲ, ಅಷ್ಟರೊಳಗ ಎಷ್ಟು ದಿನ?’ ಎಂದು ಕೇಳಿದರೆ ಬೆರಳು ಮಡಚಿ ಲೆಕ್ಕ ಕೊಡುತ್ತಾರೆ. 21ರಲ್ಲಿ 10 ಅಥವಾ ಹೆಚ್ಚು ಅಂಕ ಬಂದರೆ ವಿವರವಾಗಿ ವಿಚಾರಿಸಬೇಕು ಎಂದರ್ಥವೇ ಹೊರತು, ಕಾಯಿಲೆ ಖಚಿತವಾಯಿತು ಎಂದಲ್ಲ.

ಒಬ್ಬ ತಾಯಿಯ ಸಂಧ್ಯಾ ಸುರಕ್ಷಾ ಪಿಂಚಣಿ ನಿಂತುಹೋಗಿತ್ತು. ಎಲೆಅಡಿಕೆ ಚೀಲದಿಂದ ಪಾಸ್‌ಬುಕ್ ತೆಗೆದು, ಕೊನೆಯ ಬಾರಿ ಹಣ ಜಮೆಯಾದ ಸಾಲಿನ ಮೇಲೆ ಬೆರಳಿಟ್ಟು ‘ಇಲ್ಲಿಂದ ಶುರುವಾತು ನೋಡವ್ವ’ ಎಂದರು. ಬಡವರ ಚಿಂತೆಗೆ ಬಡತನವೇ ಕಾರಣ, ನಾವೇನು ಮಾಡಲಾದೀತು ಎಂದು ಕೈಚೆಲ್ಲುವುದೂ ತಪ್ಪು, ಪಿಂಚಣಿಯ ಮಾತೆತ್ತದೆ ಉಸಿರಾಟದ ಅಭ್ಯಾಸ ಹೇಳಿಕೊಡುವುದೂ ತಪ್ಪು ಎಂಬುದು ನನ್ನ ಅಭಿಪ್ರಾಯ. ಆಶಾ ಕಾರ್ಯಕರ್ತೆಯ ನೆರವಿನಿಂದ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಸರಿಯಾಗಿ, ಹಣ ಮತ್ತೆ ಬರತೊಡಗಿತು. ಆದರೆ ಚಿಂತೆ, ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ ಮಗನ ಕಡೆಗೆ ತಿರುಗಿತು. ಒಂದು ಕಾರಣ ತೀರಿದರೆ ಇನ್ನೊಂದಕ್ಕೆ ಅಂಟಿಕೊಳ್ಳುವ ಈ ಗುಣ ಕಂಡಾಗಲೇ ಚಿಕಿತ್ಸೆ ಬೇಕೆಂಬುದು ನಮಗೆ ಸ್ಪಷ್ಟವಾಯಿತು.

ಬರೆಯಲು ಬಾರದವರಿಗೆ ದಿನಚರಿ ಬರೆಯುವ ಮನೆಗೆಲಸ ಕೊಟ್ಟು ಪ್ರಯೋಜನವಿಲ್ಲ. ಅದರ ಬದಲು ಸಂಜೆ ದೀಪ ಹಚ್ಚಿದ ಮೇಲಿನ ಸ್ವಲ್ಪ ಹೊತ್ತನ್ನು ಚಿಂತೆಗೆಂದೇ ಮೀಸಲಿಟ್ಟು, ಹಗಲಿನಲ್ಲಿ ಬಂದ ಚಿಂತೆಯನ್ನು ‘ದೀಪ ಹಚ್ಚಿದ ಮ್ಯಾಲೆ ನೋಡೋಣ’ ಎಂದು ಮುಂದೂಡುವುದನ್ನು ಅಭ್ಯಾಸ ಮಾಡಿಸಿದೆವು.

ಇಷ್ಟರ ನಡುವೆ ದೊಡ್ಡ ತೊಡಕೆಂದರೆ, ಔಷಧಿ ಅಂಗಡಿಯಿಂದ ಚೀಟಿಯಿಲ್ಲದೆ ತಂದು ನುಂಗುವ ಅಲ್ಪ್ರಾಝೋಲಾಮ್ ಎಂಬ ಮಂಪರು ತರಿಸುವ ಮಾತ್ರೆ. ಅದು ಆ ರಾತ್ರಿಗೆ ನಿದ್ದೆ ತರುತ್ತದೆ. ಆದರೆ ವೃದ್ಧರಲ್ಲಿ ತೂಕಡಿಕೆ, ಮರೆವು ಹೆಚ್ಚಿಸಿ, ಬಿದ್ದು ಸೊಂಟದ ಮೂಳೆ ಮುರಿಯುವ ಅಪಾಯವನ್ನೂ ಒಡ್ಡುತ್ತದೆ. ಬಹುಕಾಲ ನುಂಗಿದವರು ಅದನ್ನು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್ ಕೂಡ ಬರಬಹುದಾದ್ದರಿಂದ, ವೈದ್ಯರು ಪ್ರಮಾಣವನ್ನು ನಿಧಾನವಾಗಿ ಇಳಿಸುತ್ತಾರೆ. ಬದಲಿಗೆ ಆತಂಕ ತಗ್ಗಿಸಲು ಕೊಡುವ ಎಸ್ಸಿಟಲೋಪ್ರಾಮ್‌ನಂತಹ ಮಾತ್ರೆಯ ಗುಣ ತಿಳಿಯಲು ಕೆಲವು ವಾರಗಳು ಹಿಡಿಯುತ್ತವೆ ಎಂಬುದನ್ನು, ರೋಗಿಯ ಜೊತೆ ಬಂದ ಸೊಸೆಗೋ ಮೊಮ್ಮಗನಿಗೋ ಮೊದಲ ದಿನವೇ ಬಿಡಿಸಿ ಹೇಳುತ್ತೇನೆ.