ಜ್ವರ ಬಿಟ್ಟ ಮೇಲೆ

2019ರ ಜನವರಿ. ಸಾಗರ ತಾಲ್ಲೂಕಿನ ಅರಲಗೋಡು ಕಡೆ ಮಂಗನ ಕಾಯಿಲೆ ಜೋರಾಗಿತ್ತು. ನಮ್ಮೂರು ಅಲ್ಲಿಂದ ದೂರವೇನಲ್ಲ. ಆದರೂ ಅಪ್ಪಯ್ಯ ಸೊಪ್ಪಿನ ಬೆಟ್ಟಕ್ಕೆ ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸಲು ಹೋಗುವುದನ್ನು ಬಿಟ್ಟಿರಲಿಲ್ಲ. ಕೊಟ್ಟಿಗೆಗೆ ಹಾಸಲು ಬೇಕಲ್ವಾ? ಲಸಿಕೆಯೂ ಒಂದೇ ಡೋಸ್ ಆಗಿತ್ತು, ತೋಳು ತುಂಬಾ ನೋಯುತ್ತದೆ ಎಂದು ಎರಡನೆಯದನ್ನು ಬಿಟ್ಟಿದ್ದರು.

ಒಂದು ಸಂಜೆ ಇದ್ದಕ್ಕಿದ್ದಂತೆ ಜ್ವರ ಬಂತು. ತಲೆ ಸಿಡಿಯುವಷ್ಟು ನೋವು, ಕಣ್ಣು ಕೆಂಪು. ಅದಕ್ಕಿಂತ ಜಾಸ್ತಿ ಕಾಡಿದ್ದು ಮೈನೋವು. ಇಷ್ಟು ವರ್ಷ ಅಡಿಕೆ ಗೊನೆ ಹೊತ್ತ ಮನುಷ್ಯ, ಹೊದಿಕೆ ತಾಗಿದರೂ ಕಾಲು ಎಳೆದುಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಮಂಗನ ಕಾಯಿಲೆ ಎಂದೇ ಬಂತು. ರಕ್ತದಲ್ಲಿ ಸಿಕೆ ಎಂಬ ಅಂಶವೂ ಏರಿತ್ತು, ಸ್ನಾಯುಗಳಿಗೆ ಪೆಟ್ಟಾದಾಗ ಅದು ಹಾಗೆ ಏರುತ್ತದೆ ಎಂದರು ಡಾಕ್ಟರು. ಈ ವೈರಸ್ಸಿಗೆಂದೇ ಔಷಧಿ ಇಲ್ಲ. ಡ್ರಿಪ್, ಪ್ಯಾರಾಸಿಟಮಾಲ್, ಕಾಯುವುದು, ಅಷ್ಟೇ.

ಹತ್ತು ದಿನಕ್ಕೆ ಜ್ವರ ಬಿಟ್ಟಿತು. ಮನೆಗೆ ಬಂದು ಗಂಜಿ ಉಂಡರು. ನಾನು ಬೆಂಗಳೂರಿನ ಬಸ್ ಹತ್ತಿದೆ. ಕೆಲವರಿಗೆ ವಾರ, ಎರಡು ವಾರ ಬಿಟ್ಟು ಮತ್ತೆ ಜ್ವರ ಬಂದು ಈ ಸಲ ಮಿದುಳಿಗೇ ತಾಗಬಹುದು ಎಂದು ನಮಗೆ ಯಾರೂ ಬಿಡಿಸಿ ಹೇಳಿರಲಿಲ್ಲ, ನಾನೂ ಕೇಳಲಿಲ್ಲ. ಆ ಬಸ್ ಹತ್ತಿದ್ದು ಇವತ್ತಿಗೂ ಚುಚ್ಚುತ್ತದೆ.

ಒಂಬತ್ತನೇ ದಿನ ಅಮ್ಮನ ಫೋನ್. "ಗೌರಿಗೆ ಹುಲ್ಲು ಹಾಕಿದ್ಯಾ ಅಂತ ಕೇಳ್ತಿದಾರೆ, ಕೈ ಬೇರೆ ನಡುಗ್ತಿದೆ." ಗೌರಿ ನಮ್ಮ ದನ, ಸತ್ತು ನಾಲ್ಕು ವರ್ಷವಾಗಿತ್ತು. ನಾನು ಆಸ್ಪತ್ರೆ ತಲುಪುವಷ್ಟರಲ್ಲಿ ಕುತ್ತಿಗೆ ಬಗ್ಗಿಸಲು ಆಗುತ್ತಿರಲಿಲ್ಲ. ನನ್ನನ್ನು ನೋಡಿ ಯಾರೆಂದು ಕೇಳಿದರು.

1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಇದು. ಮಂಗನ ಹೆಸರಿದ್ದರೂ ನಮಗೆ ದಾಟಿಸುವುದು ಉಣುಗು. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಅದು ಗೊತ್ತಿಲ್ಲದೆ ನೆಂಟರು ಬಾಗಿಲಲ್ಲೇ ನಿಂತು ಮಾತಾಡಿಸಿ ಹೋದಾಗ ಅಮ್ಮ ಒಳಗೆ ಹೋಗಿ ಅತ್ತಿದ್ದರು.

ನಾಲ್ಕನೇ ದಿನ ಅಪ್ಪಯ್ಯ ನನ್ನ ಹೆಸರು ಹಿಡಿದು ಕರೆದರು. ಕೈನಡುಕ ಮಾತ್ರ ಬೇಗ ಹೋಗಲಿಲ್ಲ. ವೀಳ್ಯದೆಲೆಗೆ ಸುಣ್ಣ ಹಚ್ಚಲೂ ಆಗದೆ ಅಮ್ಮನೇ ಹಚ್ಚಿ ಕೊಡುತ್ತಿದ್ದರು. ಮೆಟ್ಟಿಲು ಹತ್ತುವಾಗ ತೊಡೆ ಸೋಲುತ್ತಿತ್ತು. ಮಳೆಗಾಲ ಹಿಡಿಯುವ ಹೊತ್ತಿಗೆ ತೋಟದ ತನಕ ನಡೆದರು.

ಈಗಲೂ ದರಗಿಗೆ ಹೋಗುತ್ತಾರೆ. ಉಣುಗು ಹತ್ತದಂತೆ ಆಶಾ ಕಾರ್ಯಕರ್ತೆ ಕೊಟ್ಟ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು ಹೊರಡುತ್ತಾರೆ, ಬಂದ ಕೂಡಲೇ ಬಿಸಿನೀರು ಸ್ನಾನ. ಡಿಸೆಂಬರಿಂದ ಮೇ ತನಕ ನಾನು ದಿನಾ ಫೋನ್ ಮಾಡಿ ಕೇಳುವುದು ಇಷ್ಟೇ, ಎಣ್ಣೆ ಹಚ್ಚಿದ್ರಾ ಅಪ್ಪಯ್ಯ?