ಯುನ್ ಹ್ಯೊಂಗ್-ಗುನ್ ಅಂಚು: ಕೊನೆಗೂ ಬಂತು!

ಕಪ್ಪು ಪಟ್ಟಿಯ ಅಂಚು ಕೊನೆಗೂ ಹರಡಿ, ನಿಲ್ಲಬೇಕಾದಲ್ಲಿ ನಿಂತಿದೆ. ಕೊರಿಯಾದ ಚಿತ್ರಕಾರ ಯುನ್ ಹ್ಯೊಂಗ್-ಗುನ್ ಅವರ ಚಿತ್ರಗಳಲ್ಲಿ ಅಗಲವಾದ ಕಪ್ಪು ಪಟ್ಟಿಗಳ ಅಂಚು ಬಟ್ಟೆಯೊಳಗೆ ಮೆಲ್ಲಗೆ ಹರಡಿರುತ್ತದಲ್ಲ, ಅದೇ ಅಂಚನ್ನು ನನ್ನ ಬಟ್ಟೆಯಲ್ಲಿ ತರಲು ಒದ್ದಾಡುತ್ತಿದ್ದೆ.

ಚೌಕಟ್ಟು, ಬಟ್ಟೆ ಬಿಗಿಯುವುದು ಎಲ್ಲ ನಿಮಗೆ ಗೊತ್ತಿರುವುದೇ. ಬಣ್ಣ ಎರಡೇ: ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಅಂಬರ್ ಅನ್ನುವ ಗಾಢ ಕಂದು ಮಣ್ಣಿನ ಬಣ್ಣ. ಅವರಿಗೆ ನೀಲಿ ಅಂದರೆ ಆಕಾಶ, ಅಂಬರ್ ಅಂದರೆ ಭೂಮಿ. ಎರಡೂ ಸೇರಿದ ಕಪ್ಪನ್ನು ಟರ್ಪೆಂಟೈನಿನಲ್ಲಿ ತೆಳು ಮಾಡಿ, ಗೆಸ್ಸೊ (ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ಲೇಪ) ಹಚ್ಚದ ಬರೀ ಬಟ್ಟೆಯ ಮೇಲೆ ಅಗಲ ಬ್ರಷ್‌ನಲ್ಲಿ ಎಳೆಯುತ್ತಿದ್ದರು.

ನನ್ನ ಬಟ್ಟೆಯಲ್ಲಿ ಬಣ್ಣ ಒಂದು ಕಡೆ ಕತ್ತರಿಸಿದ ಹಾಗೆ ನಿಲ್ಲುತ್ತಿತ್ತು. ಪಕ್ಕದಲ್ಲೇ ಒಂದು ಎಳೆ ಹಿಡಿದು ಉದ್ದಕ್ಕೆ ಓಡುತ್ತಿತ್ತು. ತಲೆ ಕೆಟ್ಟುಹೋಯಿತು. ಮಾರಿದವರು 'ಅಪ್ಪಟ ಲಿನನ್, ಏನೂ ಹಚ್ಚಿಲ್ಲ' ಅಂತ ಬರೆದಿದ್ದರು. ಒಂದು ಹನಿ ನೀರು ಬಿಟ್ಟು ನೋಡಿದರೆ ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಉರುಳಿತು! ಅಷ್ಟು ದುಡ್ಡು ತೆಗೆದುಕೊಂಡು ಗಂಜಿ ಹಾಕಿದ ಬಟ್ಟೆ ಕಳಿಸಿದ್ದಾರೆ. ವಾಷಿಂಗ್ ಸೋಡಾ ಹಾಕಿ ಚೆನ್ನಾಗಿ ಕುದಿಸಿದೆ. ನೀರು ಲೋಳೆಲೋಳೆಯಾಗಿ ಬಂತು. ಒಣಗಿಸಿ ಮತ್ತೆ ಹನಿ ಬಿಟ್ಟರೆ ತಕ್ಷಣ ಹೀರಿಕೊಂಡಿತು.

ಆಮೇಲೆ ಬಟ್ಟೆಯನ್ನು ನೆಲದ ಮೇಲೆ ಹಾಸಿ ಬಣ್ಣ ಎಳೆದೆ. ಎಣ್ಣೆ ಮುಂದೆ ಹೋಗುತ್ತದೆ, ಬಣ್ಣದ ಪುಡಿ ಹಿಂದೆ ಉಳಿಯುತ್ತದೆ, ಹಾಗಾಗಿ ಕಪ್ಪಿನ ಸುತ್ತ ತೆಳು ಕಂದು ಬಣ್ಣದ ಒಂದು ಅಂಚು ಮೂಡುತ್ತದೆ. ಒಣಗಿದ ಮೇಲೆ ಇನ್ನೊಂದು ಪದರ ಎಳೆದರೆ ಅದು ಬೇರೆ ಜಾಗದಲ್ಲಿ ನಿಲ್ಲುತ್ತದೆ. ಯುನ್ ಕೂಡ ದಿನಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬಿಟ್ಟು ಅದೇ ಚಿತ್ರಕ್ಕೆ ಮರಳುತ್ತಿದ್ದರು.

ಈ ನಡುವೆ ಗೋಣಿಚೀಲ ತಲೆಯಲ್ಲಿ ಕೂತಿದೆ. ಕೊರಿಯಾದ ಇನ್ನೊಬ್ಬ ಚಿತ್ರಕಾರ ಹಾ ಜೋಂಗ್-ಹ್ಯೊನ್ 1974ರಿಂದ ಗೋಣಿಬಟ್ಟೆಯ ಹಿಂದಿನಿಂದ ಬಣ್ಣ ಒತ್ತಿ, ನೇಯ್ಗೆಯ ಸಂದಿಯಿಂದ ಮುಂದಕ್ಕೆ ಬರಿಸುತ್ತಿದ್ದರು. ನನ್ನ ಮುಂದಿನ ಕೆಲಸ ಅದೇ. ಆದರೆ ಮಂಡಿಗೆ ಹೋದರೆ ಎಲ್ಲಿ ನೋಡಿದರೂ ಪ್ಲಾಸ್ಟಿಕ್ ಚೀಲ! ಸಡಿಲ ನೇಯ್ಗೆಯ ಗೋಣಿ ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದರೆ ದಯವಿಟ್ಟು ಹೇಳಿ.

ಒಂದು ಅಂಚಿಗೆ ಇಷ್ಟೊಂದು ಯಾಕೆ ಅಂತ ಗೆಳೆಯರು ಕೇಳುತ್ತಾರೆ. 1973ರಲ್ಲಿ ಯುನ್ ಸೋಲ್‌ನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದರು. ವಿದ್ಯಾರ್ಥಿನಿಯೊಬ್ಬಳನ್ನು ಅಕ್ರಮವಾಗಿ ಶಾಲೆಗೆ ಸೇರಿಸಿಕೊಂಡದ್ದನ್ನು ಪ್ರಶ್ನಿಸಿದ್ದಕ್ಕೆ ಜೈಲು ಕಂಡರು. ಅಲ್ಲಿಂದ ಬಂದ ಮೇಲೆ ಬೇರೆ ಬಣ್ಣಗಳೆಲ್ಲ ಹೋದವು. 1980ರಲ್ಲಿ ಗ್ವಾಂಗ್ಜು ನಗರದಲ್ಲಿ ಸೇನೆ ಪ್ರತಿಭಟನಕಾರರನ್ನು ಕೊಂದ ಹತ್ಯಾಕಾಂಡದ ನಂತರ, ಅವರ ಚಿತ್ರಗಳಲ್ಲಿ ಕಂಬದ ಹಾಗೆ ನೆಟ್ಟಗಿದ್ದ ಕಪ್ಪು ಪಟ್ಟಿಗಳು ವಾಲಿಕೊಂಡವು. ಹಲ್ಲು ಕಚ್ಚಿ ಕೂತವರ ಮೌನ ಅದು. ಆ ಮೌನ ಒಂದಿಷ್ಟಾದರೂ ಬಾಯಿಬಿಡುವುದು ಅಂಚಿನಲ್ಲೇ. ಅದನ್ನು ಸುಮ್ನೆ ಬ್ರಷ್‌ನಿಂದ ತಿದ್ದಿ ಬರೆಯಲು ನನಗೆ ಮನಸ್ಸಿಲ್ಲ.

ಮುಂದಿನ ಪದರಕ್ಕೆ ಅಂಬರ್ ಸ್ವಲ್ಪ ಜಾಸ್ತಿ ಹಾಕುತ್ತೇನೆ. ಅದರಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ, ಈ ಮಳೆಗಾಲದಲ್ಲಿ ಅದೇ ದೊಡ್ಡ ಉಪಕಾರ.