ಇಂಡಿಕಾ ಇಂಜಿನ್: ಬೋರ್ ಮಾಡಿಸುವ ಮುಂಚೆ ಅಳತೆ

ಅಪ್ಪನ 2004ರ ಇಂಡಿಕಾ, 1405 ಸಿಸಿ ಡೀಸೆಲ್, ಟರ್ಬೊ ಇಲ್ಲದ್ದು. ಮೀಟರ್ 2.3 ಲಕ್ಷ ಕಿ.ಮೀ. ದಾಟಿದೆ. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಎರಡು ನಿಮಿಷ ಗಡಗಡ ನಡುಗುತ್ತದೆ, ಬಿಳಿ ಹೊಗೆ ಬಿಡುತ್ತದೆ. ಬಿಸಿಯಾದ ಮೇಲೆ ಸರಿಯಾಗುತ್ತದೆ. ಬಳ್ಳಾರಿಯಲ್ಲೇ ಒಬ್ಬ ಮೇಸ್ತ್ರಿ ಹೊಗೆ ನೋಡಿದ ಕೂಡಲೇ "ಇಂಜಿನ್ ಸವದೈತ್ರಿ, ಬೋರ್ ಮಾಡಿಸಿಬಿಡ್ರಿ" ಅಂದರು. ಅಂದರೆ ಸವೆದ ಸಿಲಿಂಡರುಗಳನ್ನು ಇನ್ನಷ್ಟು ಅಗಲ ಕೊರೆಸಿ ದೊಡ್ಡ ಪಿಸ್ಟನ್ ಹಾಕಿಸುವುದು. ನನಗೆ ಮನಸ್ಸು ಒಪ್ಪಲಿಲ್ಲ. ಪಿಸ್ಟನ್ ಸುತ್ತ ಗಾಳಿ, ಆಯಿಲ್ ಸೋರದಂತೆ ತಡೆಯುವ ರಿಂಗು ಸವೆದಿದ್ದರೆ ನೀಲಿ ಹೊಗೆ ಬರಬೇಕು, ಆಯಿಲ್ ಕುಡಿಯಬೇಕು, ಅಲ್ವಾ? ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಗೆರೆ ತಿಂಗಳಿಂದ ಅಷ್ಟಾಗಿ ಇಳಿದೇ ಇಲ್ಲ.

ಮೊದಲ ಭಾನುವಾರ ಬ್ಯಾಕ್ ಕಂಪ್ರೆಷನ್, ಅಂದರೆ ರಿಂಗು ದಾಟಿ ಕೆಳಗೆ ಸೋರುವ ಗಾಳಿ ಎಷ್ಟು ಅಂತ ನೋಡಿದೆ. ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ತಿರುವಿ ತೆಗೆದು, ಬಾಯಿ ಮೇಲೆ ಸುಮ್ನೆ ಉಲ್ಟಾ ಇಟ್ಟೆ. ಗಾಳಿ ಜಾಸ್ತಿ ಇದ್ದರೆ ಮುಚ್ಚಳ ಹಾರಿ ಬೀಳುತ್ತದೆ. ಇದು ಸಣ್ಣಗೆ ನಡುಗಿತು, ಅಷ್ಟೇ. ಖುಷಿಯಾಯಿತು.

ಆದರೆ ಅದೇ ದಿನ ಏರ್ ಫಿಲ್ಟರಿನಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಪೈಪಿನಲ್ಲಿ ಬಿರುಕು ಕಂಡಿತು. ಒಳಗೆ ಹಳೇ ಬನಿಯನ್ ಬಟ್ಟೆ ಹಾಕಿ ಒರೆಸಿದೆ. ಬಟ್ಟೆ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಅಪ್ಪ ವರ್ಷಗಟ್ಟಲೆ ಸಂಡೂರು, ತೋರಣಗಲ್ಲು ಕಡೆ ಅದಿರು ಲಾರಿಗಳ ಹಿಂದೆಯೇ ಓಡಿಸಿದ ಗಾಡಿ ಇದು. ಆ ಕೆಂಪು ದೂಳು ಫಿಲ್ಟರ್ ತಪ್ಪಿಸಿ ಒಳಗೆ ಹೋದರೆ ರಿಂಗಿಗೂ ಬೋರಿಗೂ, ಅಂದರೆ ಸಿಲಿಂಡರಿನ ಒಳಗೋಡೆಗೂ, ಉಪ್ಪುಕಾಗದ ಉಜ್ಜಿದ ಹಾಗೆ. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಮುಂದಿನ ವಾರ ಕಂಪ್ರೆಷನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತುತ್ತದೆ ಅಂತ ಅಳೆಯುವುದು. ಪೆಟ್ರೋಲ್ ಗಾಡಿಯ ಗೇಜ್ ಇದಕ್ಕೆ ಸಾಲದು, 1000 ಪಿಎಸ್‌ಐ (ಒತ್ತಡದ ಅಳತೆ) ತನಕ ಇರುವ ಡೀಸೆಲ್ ಗೇಜ್ ಬೇಕು. ಇಂಜಿನ್ ಬಿಸಿ ಮಾಡಿ, ಡೀಸೆಲ್ ಕಟ್ ಮಾಡಿ, ನಾಲ್ಕೂ ಹೀಟರ್ ಪ್ಲಗ್ ಬಿಚ್ಚಿ, ಒಂದೊಂದೇ ತೂತಿಗೆ ಗೇಜ್ ಹಾಕಿ ಸೆಲ್ಫ್ ಹೊಡೆದೆವು. ಬಂದದ್ದು 400, 395, 310, 400. ಮೂರನೆಯದು ಮಾತ್ರ ಬಿದ್ದಿದೆ. ದೂಳು ಒಂದನ್ನೇ ಹುಡುಕಿಕೊಂಡು ಹೋಗುವುದಿಲ್ಲವಲ್ಲ.

ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ, ರೀಡಿಂಗ್ ಏರಿದರೆ ಸೋರುವುದು ರಿಂಗಿನಲ್ಲಿ ಅಂತ ಗೆಳೆಯರೊಬ್ಬರು ಹೇಳಿದರು. ನಾನು ಮಾಡಲಿಲ್ಲ. ಗಾಳಿಯನ್ನು 22ರಲ್ಲಿ ಒಂದು ಪಾಲಿಗೆ ಒತ್ತುವ (22:1 ಕಂಪ್ರೆಷನ್) ಇಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 17 ಸಿಸಿ. ಅದರಲ್ಲಿ ಆಯಿಲ್ ಸೇರಿದರೆ ರೀಡಿಂಗ್ ಸುಳ್ಳು ಹೇಳುತ್ತದೆ, ಜಾಸ್ತಿಯಾದರೆ ಕನೆಕ್ಟಿಂಗ್ ರಾಡೇ ಬಾಗಬಹುದು.

ಬದಲಿಗೆ ಮೂರನೇ ಪಿಸ್ಟನ್ ಮೇಲಕ್ಕೆ ತಂದು, ಎರಡೂ ವಾಲ್ವ್ ಮುಚ್ಚಿರುವಾಗ, ಗೇರ್ ಹಾಕಿ ಕಂಪ್ರೆಸರ್ ಗಾಳಿ ಬಿಟ್ಟೆವು. ತಮ್ಮ ಹಿಂದೆ ಕೂತು ಸೈಲೆನ್ಸರಿಗೆ ಕಿವಿ ಕೊಟ್ಟ. "ಅಣ್ಣಾ, ಇಲ್ಲಿ ಸುಸ್ ಅಂತೈತಿ!" ಆಯಿಲ್ ಬಾಯಲ್ಲಿ ಸದ್ದು ತೀರಾ ಕಮ್ಮಿ. ಅಂದರೆ ಗಾಳಿ ಸೋರುತ್ತಿರುವುದು ರಿಂಗಿನಲ್ಲಿ ಅಲ್ಲ, ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವಿನಲ್ಲಿ.

ಈ ಭಾನುವಾರ ಹೆಡ್, ಅಂದರೆ ಸಿಲಿಂಡರುಗಳ ಮೇಲೆ ಕೂರುವ, ವಾಲ್ವ್ ಇರುವ ಭಾಗ, ಇಳಿಸಿದೆವು. ಮೂರನೆಯ ಎಕ್ಸಾಸ್ಟ್ ವಾಲ್ವಿನ ಅಂಚು ಒಂದು ಕಡೆ ಸುಟ್ಟು, ಉಗುರಿನಷ್ಟು ಕಚ್ಚು ಬಿದ್ದಿದೆ. ಬೋರಿನೊಳಗೆ ಟಾರ್ಚ್ ಹಿಡಿದರೆ ಹೋನಿಂಗಿನ ಅಡ್ಡಗೀರು, ಅಂದರೆ ಕಾರ್ಖಾನೆಯಲ್ಲಿ ಗೋಡೆಗೆ ಉಜ್ಜಿದ ಸಣ್ಣ ಗೆರೆಗಳು, ನಾಲ್ಕರಲ್ಲೂ ಇನ್ನೂ ಕಾಣುತ್ತದೆ. ಮೇಲ್ತುದಿಯಲ್ಲಿ ಉಗುರು ಎಳೆದರೆ ತುಸು ತಡೆಯುತ್ತದೆ, ಅಂದರೆ ಅದರ ಕೆಳಗೆ ಸ್ವಲ್ಪ ಸವೆದಿದೆ.

ಹೆಡ್ ಲೇತ್ ಅಂಗಡಿಗೆ ಹೋಗಿದೆ. ಹೊಸ ಏರ್ ಪೈಪ್ ಬಂದಿದೆ. ಬುಧವಾರ ಬೋರ್ ಗೇಜ್ (ಸಿಲಿಂಡರಿನ ಒಳ ಅಗಲ ಅಳೆಯುವ ಸಾಧನ) ಸಿಗುತ್ತದೆ. ಪ್ರತಿ ಸಿಲಿಂಡರನ್ನೂ ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಅಳೆದು, ಹೊಸದರಲ್ಲಿದ್ದ 75 ಮಿ.ಮೀ.ನಿಂದ ಎಷ್ಟು ದೂರ ಹೋಗಿದೆ ಅಂತ ಬರೆಯುತ್ತೇನೆ.